ಹೊಸ ಫಸ್ಟ್ ಆಫೀಸರ್‌ಗೆ ಯಾವ ಹೆಡ್‌ಸೆಟ್, ಯಾವ ಬ್ಯಾಗ್?

ಪ್ರಶ್ನೆ: ನಾನು ಹಾಸನದವಳು. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮತ್ತು ಏರ್‌ಬಸ್ ಎ320 ಹಾರಿಸಲು ಬೇಕಾದ ಟೈಪ್ ರೇಟಿಂಗ್ ಮುಗಿದಿದೆ. ಮುಂದಿನ ತಿಂಗಳು ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿ ಏರ್‌ಲೈನ್ ಸೇರುತ್ತಿದ್ದೇನೆ, ಬೇಸ್ ಬೆಂಗಳೂರು. ಸೆಸ್ನಾ ಪುಟ್ಟ ವಿಮಾನದಲ್ಲಿ ಕಲಿಯುವಾಗ ಕೊಂಡ ಡೇವಿಡ್ ಕ್ಲಾರ್ಕ್ ಹೆಡ್‌ಸೆಟ್ ಇದೆ. ಅದೇ ಸಾಕಾ, ಬೋಸ್ ಕೊಳ್ಳಬೇಕಾ? ಪರಿಚಯದ ಕ್ಯಾಪ್ಟನ್ ಒಬ್ಬರು ತಮ್ಮ ಹಳೆಯ ಬೋಸ್ ಎ20 ಹೆಡ್‌ಸೆಟ್ಟನ್ನು ಕಡಿಮೆ ಬೆಲೆಗೆ ಕೊಡ್ತೀನಿ ಅಂತಿದ್ದಾರೆ. ಲಗೇಜ್ ಎಷ್ಟು ದೊಡ್ಡದಿರಬೇಕು? ಎರಡು ಚಕ್ರದ್ದಾ, ನಾಲ್ಕು ಚಕ್ರದ್ದಾ? ಕನ್ನಡಕ ಹಾಕುತ್ತೇನೆ, ಕೂದಲು ಉದ್ದವಾಗಿದೆ. ತರಬೇತಿಯ ಸಾಲ ಇನ್ನೂ ತೀರಿಲ್ಲ.

ಉತ್ತರ: ಅಭಿನಂದನೆಗಳು. ಸಾಲದ ಕಂತುಗಳ ನಡುವೆ ಕೈಗೆ ಕೆಲಸ ಸಿಕ್ಕಿದೆ, ಅದು ದೊಡ್ಡ ಸಮಾಧಾನ. ಆ ಸಮಾಧಾನದಲ್ಲಿ ಅಂಗಡಿಗೆ ಮಾತ್ರ ಓಡಬೇಡಿ. ಕಂಪನಿ ಸೇರಿ, ಪ್ರಯಾಣಿಕರನ್ನು ಕೂರಿಸಿಕೊಂಡು ಒಂದಷ್ಟು ದಿನ ಹಾರುವ ತನಕ ಹೆಡ್‌ಸೆಟ್ ಕೊಳ್ಳುವುದು ಬೇಡ. ಬ್ಯಾಗನ್ನು ಯೂನಿಫಾರ್ಮ್ ಜತೆಗೇ ಕೊಡುವ ಕಂಪನಿಗಳಿವೆ, ಮೊದಲು ಕೇಳಿ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಅದು ಹೆಡ್‌ಸೆಟ್‌ಗೆ ಹೋಗಲಿ. ಬ್ಯಾಗ್ ಹಾಳಾದರೆ ಇನ್ನೊಂದು ತರಬಹುದು. ಕಿವಿ ಹಾಗಲ್ಲ.

ನಿಮ್ಮ ಡೇವಿಡ್ ಕ್ಲಾರ್ಕ್ ಬಹುಶಃ ಆ ಹಸಿರು ಎಚ್10-13.4 ಇರಬೇಕು. ತುಂಬಾ ಒಳ್ಳೆಯ ಹೆಡ್‌ಸೆಟ್ ಅದು. ಸೆಸ್ನಾ 172ಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಎಂಜಿನ್ ನಿಮ್ಮ ಮುಂದೆಯೇ ಇರುತ್ತದೆ. ಅದರ ಗದ್ದಲ ತಡೆಯಲು ಗಟ್ಟಿ ಕಪ್ ಬೇಕು, ಬಿಗಿಯಾದ ಹಿಡಿತ ಬೇಕು. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಮಾತು ಇಂಟರ್‌ಕಾಮ್‌ನಲ್ಲಿ ಬರುತ್ತದೆ, ಹಾಗಾಗಿ ಕಿವಿ ಪೂರ್ತಿ ಮುಚ್ಚಿದರೂ ತೊಂದರೆಯಿಲ್ಲ.

ಎ320ರ ಕಾಕ್‌ಪಿಟ್ ಬೇರೆಯದೇ ಜಾಗ. ಎಂಜಿನ್‌ಗಳು ಹಿಂದೆ, ರೆಕ್ಕೆಯ ಕೆಳಗಿವೆ. ನಿಮಗೆ ಕೇಳಿಸುವುದು ಹೆಚ್ಚಾಗಿ ಗಾಳಿ ಉಜ್ಜುವ ಸದ್ದು, ಫ್ಯಾನ್‌ಗಳ ಸದ್ದು. ಸೆಸ್ನಾಗೆ ಹೋಲಿಸಿದರೆ ಇದು ಶಾಂತ. ಇನ್ನೊಂದು ವ್ಯತ್ಯಾಸವನ್ನು ಹೊಸಬರು ಕೊಳ್ಳುವಾಗ ಯೋಚಿಸುವುದೇ ಇಲ್ಲ. ಏರ್‌ಬಸ್‌ನಲ್ಲಿ ಇಬ್ಬರು ಪೈಲಟ್‌ಗಳು ಬಹಳ ಸಲ ಇಂಟರ್‌ಕಾಮ್ ಇಲ್ಲದೆ ನೇರವಾಗಿಯೇ ಮಾತಾಡುತ್ತಾರೆ. ಕ್ಯಾಪ್ಟನ್ ಪಕ್ಕದಿಂದ ಹೇಳಿದ 'ಫ್ಲ್ಯಾಪ್ಸ್ ಒನ್' ಅನ್ನುವ ಸೂಚನೆ ಗಾಳಿಯಲ್ಲೇ ನಿಮ್ಮ ಕಿವಿಗೆ ಬರಬೇಕು. ಗಟ್ಟಿ ಕಪ್‌ನ ಹೆಡ್‌ಸೆಟ್ ಹಾಕಿಕೊಂಡರೆ ಆ ಮಾತು ಅರ್ಧ ಕೇಳಿಸುವುದಿಲ್ಲ. ಆಗ ಏನು ಮಾಡ್ತೀರಿ? ಒಂದು ಕಿವಿಯ ಕಪ್ ಸರಿಸುತ್ತೀರಿ. ಹಲವರು ಹಾಗೇ ಮಾಡುತ್ತಾರೆ.

ಈ 'ಒಂದು ಕಿವಿ ಹೊರಗೆ' ಅಭ್ಯಾಸ ಒಳ್ಳೆಯದಲ್ಲ. ಮುಚ್ಚಿದ ಕಿವಿಯೊಂದರಲ್ಲೇ ಎಟಿಸಿ (ನೆಲದ ವಿಮಾನ ನಿಯಂತ್ರಕರ) ಮಾತು ಕೇಳಬೇಕಾದ್ದರಿಂದ ವಾಲ್ಯೂಮ್ ಏರಿಸುತ್ತೀರಿ. ತೆರೆದ ಕಿವಿಗೆ ಕಾಕ್‌ಪಿಟ್ ಸದ್ದು ನೇರ ಬಡಿಯುತ್ತದೆ. ದಿನಕ್ಕೆ ನಾಲ್ಕು ಸೆಕ್ಟರ್ (ಒಮ್ಮೆ ಏರಿ ಇಳಿಯುವವರೆಗಿನ ಹಾರಾಟ), ವರ್ಷಗಟ್ಟಲೆ ಹೀಗೆ ನಡೆದರೆ ಎರಡೂ ಕಿವಿಗೆ ಪೆಟ್ಟು. ಹಾಗಾಗಿ ಎ320ಗೆ ಹೆಡ್‌ಸೆಟ್ ಆರಿಸುವಾಗ ಎಷ್ಟು ಸದ್ದು ತಡೆಯುತ್ತದೆ ಅನ್ನುವುದೊಂದೇ ಲೆಕ್ಕವಲ್ಲ. ಎರಡೂ ಕಿವಿಯ ಮೇಲೆ ಇಟ್ಟುಕೊಂಡೇ ಪಕ್ಕದವರ ಮಾತು ಕೇಳಿಸುತ್ತದಾ, ಅದನ್ನು ನೋಡಿ.

ಈ ದೃಷ್ಟಿಯಿಂದ ಹಗುರ ಹೆಡ್‌ಸೆಟ್‌ಗಳು ಮುಂದಿವೆ. ಬೋಸ್ ಪ್ರೊಫ್ಲೈಟ್ ಸೀರೀಸ್ 2 ಕಿವಿಯೊಳಗೆ ಕೂರುವಂಥದ್ದು, ತೂಕ ಸುಮಾರು 130 ಗ್ರಾಂ. ಸದ್ದು ತಡೆಯುವ ಮಟ್ಟವನ್ನು ಬದಲಿಸಿಕೊಳ್ಳಬಹುದು. ಪಕ್ಕದವರು ಮಾತಾಡಿದಾಗ ಇಯರ್‌ಬಡ್ ತಟ್ಟಿದರೆ ಹೊರಗಿನ ದನಿಯನ್ನು ಒಳಗೆ ಬಿಡುತ್ತದೆ. ಡೇವಿಡ್ ಕ್ಲಾರ್ಕ್‌ನವರದೇ ಡಿಸಿ ಪ್ರೊ-ಎಕ್ಸ್ ಸರಣಿ ಕಿವಿಯ ಮೇಲೆ ಮೆತ್ತಗೆ ಕೂರುತ್ತದೆ. ಕ್ಲಾರಿಟಿ ಅಲಾಫ್ಟ್ ಅಂತ ಇನ್ನೊಂದಿದೆ. ಅದರಲ್ಲಿ ಎಲೆಕ್ಟ್ರಾನಿಕ್ ನಾಯ್ಸ್ ಕ್ಯಾನ್ಸಲಿಂಗ್ (ಸದ್ದನ್ನು ಸದ್ದಿನಿಂದಲೇ ಅಳಿಸುವ ವ್ಯವಸ್ಥೆ) ಇಲ್ಲ, ಕಿವಿಯೊಳಗಿನ ಫೋಮ್ ತುದಿಯೇ ಸದ್ದು ತಡೆಯುತ್ತದೆ. ಬೋಸ್ ಎ20, ಎ30, ಲೈಟ್‌ಸ್ಪೀಡ್ ಜುಲು 3 ಇವೆಲ್ಲ ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಜಾತಿ. ಎ20 ಸುಮಾರು 340 ಗ್ರಾಂ, ಎ30 ಇನ್ನೂ ಸ್ವಲ್ಪ ಜಾಸ್ತಿ. ಆದರೆ ಎ30 ತಲೆಯನ್ನು ಎ20ಗಿಂತ ಕಡಿಮೆ ಒತ್ತುತ್ತದೆ.

ತೂಕವನ್ನು ಅಂಗಡಿಯಲ್ಲಿ ಐದು ನಿಮಿಷ ಹಾಕಿ ಅಳೆಯಬೇಡಿ. ಬೆಳಗಿನ ಜಾವ ಎದ್ದು ಬಂದು, ಮೂರನೇ ಸೆಕ್ಟರ್‌ನಲ್ಲಿ ನೆತ್ತಿ ಹೇಗಿರುತ್ತದೆ ಅನ್ನುವುದು ಮುಖ್ಯ. ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದಂತೆ ಟ್ರಾನ್ಸಿಶನ್ ಲೆವೆಲ್ ಅನ್ನುವ ನಿಗದಿತ ಎತ್ತರಕ್ಕಿಂತ ಕೆಳಗೆ ಬಾಯಿಯ ಮುಂದಿನ ಬೂಮ್ ಮೈಕನ್ನೋ ಗಂಟಲ ಮೈಕನ್ನೋ ಬಳಸಲೇಬೇಕು. ಮೇಲೆ ಹೋದ ಮೇಲೆ ಕೆಲವರು ಹೆಡ್‌ಸೆಟ್ ತೆಗೆದು ಸ್ಪೀಕರ್ ಹಾಕುತ್ತಾರೆ. ತೆಗೆಯುವುದು ಹೆಚ್ಚಾಗಿ ತಲೆನೋವಿನಿಂದ. ಹಗುರವಾಗಿದ್ದರೆ ತೆಗೆಯಬೇಕು ಅನ್ನಿಸುವುದಿಲ್ಲ, ಸ್ಪೀಕರ್ ಗಲಾಟೆಯೂ ಇಲ್ಲ.

ನಿಮಗೆ ಎ320 ಬದಲು ಎಟಿಆರ್ 72 ಸಿಕ್ಕಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಹುಬ್ಬಳ್ಳಿ, ಮೈಸೂರಿಗೆ ಬರುವ ಆ ವಿಮಾನದಲ್ಲಿ ಪ್ರೊಪೆಲರ್‌ನ ತಗ್ಗು ದನಿಯ ಗುಂಯ್ ಇಡೀ ದಿನ ಇರುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಇರುವುದೇ ಅಂಥ ಸದ್ದಿಗೆ. ಕಪ್‌ನೊಳಗಿನ ಪುಟ್ಟ ಮೈಕ್ ಸದ್ದನ್ನು ಹಿಡಿದು, ಅದಕ್ಕೆ ಉಲ್ಟಾ ಅಲೆಯನ್ನು ಬಿಟ್ಟು ಎರಡನ್ನೂ ಅಳಿಸುತ್ತದೆ. ಇದು ತಗ್ಗು ದನಿಯ, ಒಂದೇ ಸಮನೆ ಬರುವ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೀರಲು ಸದ್ದಿಗೆ ಗಟ್ಟಿ ಕಪ್ಪೇ ಬೇಕು. ಹಾಗಾಗಿ ಎಟಿಆರ್‌ನಲ್ಲಿ ಎ20, ಎ30 ಥರದ್ದು ವಾಸಿ. ಬೋಯಿಂಗ್ 737ರ ಕಾಕ್‌ಪಿಟ್ ಕೂಡ ಎ320ಗಿಂತ ಜೋರು.

ಅಂದಹಾಗೆ, ಈ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್‌ಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರ ತಂದೆ ಬಂಗಾಳದವರು, ಬ್ರಿಟಿಷರ ವಿರುದ್ಧ ಕೆಲಸ ಮಾಡಿ ಅಮೆರಿಕ ಸೇರಿದವರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ ವಿಮಾನದ ಗದ್ದಲದಲ್ಲಿ ಹೆಡ್‌ಫೋನ್ ಹಾಡು ಸರಿಯಾಗಿ ಕೇಳಿಸದೆ, ಅಮರ್ ಬೋಸ್ ಸೀಟಿನಲ್ಲೇ ಲೆಕ್ಕ ಹಾಕಲು ಕೂತರು. 1989ರಲ್ಲಿ ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ ಮಾರುಕಟ್ಟೆಗೆ ಬಂತು.

ಈಗ ಪ್ಲಗ್ ವಿಷಯ. ದುಡ್ಡು ವ್ಯರ್ಥವಾಗುವುದು ಇಲ್ಲಿಯೇ ಜಾಸ್ತಿ. ಸೆಸ್ನಾದಲ್ಲಿ ನೀವು ಚುಚ್ಚಿದ್ದು ಎರಡು ಪ್ಲಗ್, ಕೇಳಲು ಒಂದು, ಮೈಕ್‌ಗೆ ಒಂದು. ಏರ್‌ಬಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಐದು ಪಿನ್‌ನ ಎಕ್ಸ್‌ಎಲ್‌ಆರ್ ಪ್ಲಗ್. ಅದರಲ್ಲಿ ಇನ್ನೊಂದು ಲಾಭವಿದೆ. ನಾಯ್ಸ್ ಕ್ಯಾನ್ಸಲಿಂಗ್‌ಗೆ ಬೇಕಾದ ವಿದ್ಯುತ್ತೂ ಅದೇ ಪ್ಲಗ್‌ನಿಂದ ಬರುತ್ತದೆ, ಬ್ಯಾಟರಿ ಚಿಂತೆ ಇಲ್ಲ. ಎರಡು ಪ್ಲಗ್‌ನ ಮಾಡೆಲ್ ಆದರೆ ಎಎ ಸೆಲ್‌ಗಳು ಬೇಕು. ಸೆಲ್ ಖಾಲಿಯಾದರೆ ನಾಯ್ಸ್ ಕ್ಯಾನ್ಸಲಿಂಗ್ ನಿಲ್ಲುತ್ತದೆ, ರೇಡಿಯೊ ಮಾತು ನಿಲ್ಲುವುದಿಲ್ಲ. ಆದರೂ ಎರಡು ಹೊಸ ಸೆಲ್ ಬ್ಯಾಗಿನಲ್ಲಿ ಇರಲೇಬೇಕು. ಹೆಲಿಕಾಪ್ಟರ್ ಪ್ಲಗ್ ಮೂರನೇ ಥರದ್ದು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡಿತು ಅಂತ ಅದನ್ನು ತರಿಸಿಬಿಡಬೇಡಿ. ನಿಮ್ಮ ಫ್ಲೀಟ್‌ನಲ್ಲಿ ಯಾವ ಪ್ಲಗ್ ಇದೆ ಅಂತ ಫ್ಲೈಟ್ ಆಪರೇಷನ್ಸ್‌ನವರನ್ನು ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಅದೇ ಇಮೇಲ್‌ನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಸ್ವಂತ ಹೆಡ್‌ಸೆಟ್‌ಗೆ ಅನುಮತಿ ಇದೆಯಾ, ಯಾವ ಮಾಡೆಲ್‌ಗಳಿಗೆ? ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಹೆಡ್‌ಸೆಟ್‌ಗೆ ಟಿಎಸ್‌ಒ-ಸಿ139 ಅನ್ನುವ ಮಾನದಂಡ ಇಟ್ಟಿದೆ. ಏರ್‌ಲೈನ್‌ನವರು ಸಾಮಾನ್ಯವಾಗಿ ಅದನ್ನೋ, ಯುರೋಪಿನ ಇಟಿಎಸ್‌ಒ ಗುರುತನ್ನೋ ನೋಡುತ್ತಾರೆ. ಹಾಡು ಕೇಳುವ ಹೆಡ್‌ಫೋನ್‌ಗೆ ಮೈಕ್ ಸಿಕ್ಕಿಸಿ ಬಳಸುವ ಕಿಟ್‌ಗಳೂ ಸಿಗುತ್ತವೆ. ಸಣ್ಣ ವಿಮಾನದಲ್ಲಿ ಏನು ಮಾಡಿದರೋ ಮಾಡಿದರು, ಏರ್‌ಲೈನ್‌ಗೆ ಅದು ಬೇಡ.

ಸೇರಿದ ಮೊದಲ ವಾರಗಳಲ್ಲಿ ವಿಮಾನದಲ್ಲೇ ಇರುವ ಕಂಪನಿ ಹೆಡ್‌ಸೆಟ್ ಬಳಸಿ. ಹತ್ತಾರು ಜನ ಹಾಕಿ ತೆಗೆದದ್ದು ಅದು. ಹಾಗಾಗಿ ಮೈಕ್‌ಗೆ ಹಾಕುವ ಫೋಮ್ ಮಫ್ ಒಂದೆರಡು ಸ್ವಂತದ್ದು ತಗೊಳ್ಳಿ, ಬೆಲೆ ಏನೂ ಇಲ್ಲ. ಇಯರ್ ಪ್ಯಾಡ್ ಒರೆಸಲು ವೈಪ್ಸ್ ಇಟ್ಟುಕೊಳ್ಳಿ. ಇದೇ ಸಮಯದಲ್ಲಿ ಬೇರೆ ಬೇರೆ ಕ್ಯಾಪ್ಟನ್‌ಗಳು ಏನು ಹಾಕುತ್ತಾರೆ ನೋಡಿ. ನೆಲದ ಮೇಲೆ ನಿಂತಾಗ, ಕೆಲಸವಿಲ್ಲದ ಹೊತ್ತಿನಲ್ಲಿ, ಒಂದು ನಿಮಿಷ ಹಾಕಿ ನೋಡ್ಲಾ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಹೆಡ್‌ಸೆಟ್ ಬಗ್ಗೆ ಮಾತಾಡುವುದೆಂದರೆ ಪೈಲಟ್‌ಗಳಿಗೆ ಇಷ್ಟ. ಎಂಜಿನ್ ಫೈರ್ ಟೆಸ್ಟ್ ಮಾಡುವಾಗ ಆ ಎಚ್ಚರಿಕೆ ಗಂಟೆ ನಿಮ್ಮ ಹೆಡ್‌ಸೆಟ್ ಮೂಲಕ ಹೇಗೆ ಕೇಳಿಸುತ್ತದೆ ಅನ್ನುವುದನ್ನೂ ಗಮನಿಸಿ. ಎಚ್ಚರಿಕೆಗಳು ಕಾಕ್‌ಪಿಟ್‌ನ ಸ್ಪೀಕರ್‌ನಿಂದ ಬರುತ್ತವೆ. ಅವು ನಿಮಗೆ ಸ್ಪಷ್ಟವಾಗಿ ಕೇಳಿಸದಿದ್ದರೆ ಆ ಹೆಡ್‌ಸೆಟ್ ಎಷ್ಟೇ ಒಳ್ಳೆಯದಿರಲಿ, ನಿಮಗಲ್ಲ.

ಕನ್ನಡಕ ಮತ್ತು ಕೂದಲು. ಕಿವಿ ಮುಚ್ಚುವ ಹೆಡ್‌ಸೆಟ್ ಕನ್ನಡಕದ ಕಡ್ಡಿಯನ್ನು ತಲೆಬುರುಡೆಗೆ ಒತ್ತುತ್ತದೆ. ಜತೆಗೆ ಕಡ್ಡಿ ಇರುವ ಕಡೆ ಸಂದು ಬಿಟ್ಟು ಸದ್ದು ಒಳಗೆ ನುಗ್ಗುತ್ತದೆ. ತೆಳು ಲೋಹದ ಕಡ್ಡಿಯ ಫ್ರೇಮ್ ಮಾಡಿಸಿಕೊಳ್ಳಿ, ಅರ್ಧ ಕಷ್ಟ ಕಡಿಮೆ. ಕಿವಿಯೊಳಗೆ ಕೂರುವ ಹೆಡ್‌ಸೆಟ್‌ನಲ್ಲಿ ಈ ತೊಂದರೆಯೇ ಇಲ್ಲ. ತುರುಬು ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಹೆಡ್‌ಬ್ಯಾಂಡ್ ಕೂರುವ ಜಾಗ ನಿರ್ಧಾರವಾಗುತ್ತದೆ. ಪರೀಕ್ಷಿಸುವಾಗ ಡ್ಯೂಟಿಗೆ ಕಟ್ಟುವ ಹಾಗೆಯೇ ತುರುಬು ಕಟ್ಟಿ, ಡ್ಯೂಟಿಗೆ ಹಾಕುವ ಓಲೆಯನ್ನೇ ಹಾಕಿ ನೋಡಿ. ಕಪ್‌ನ ಕೆಳಗೆ ಸಿಕ್ಕ ಓಲೆಯ ತಿರುಪು ಎರಡು ಗಂಟೆಯಲ್ಲಿ ಎಷ್ಟು ನೋಯಿಸುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಕಿವಿಯೊಳಗಿನದ್ದು ಎಲ್ಲರಿಗೂ ಆಗಿಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಬೆವರು ಜಾಸ್ತಿ ಇರುವವರಿಗೆ, ಕಿವಿ ಪದೇ ಪದೇ ಸೋಂಕಾಗುವವರಿಗೆ ಅದು ಕಿರಿಕಿರಿ. ತುದಿಗಳನ್ನು ಆಗಾಗ ಬದಲಿಸಬೇಕು, ಒರೆಸಿ ಇಡಬೇಕು.

ಬ್ಯಾಗ್‌ಗೆ ಹೋಗುವ ಮೊದಲು ಕಿವಿಯ ಬಗ್ಗೆ ಇನ್ನೊಂದು ಮಾತು. ನನಗೆ ಇದು ಹೆಡ್‌ಸೆಟ್‌ಗಿಂತಲೂ ಮುಖ್ಯ. ವಿಮಾನದ ಸುತ್ತ ನಡೆದು ನೋಡುವ ವಾಕ್‌ಅರೌಂಡ್ ಹೊಸ ಫಸ್ಟ್ ಆಫೀಸರ್ ಪಾಲಿಗೇ ಬರುವುದು ಜಾಸ್ತಿ. ಬಾಲದಲ್ಲಿ ಎಪಿಯು (ವಿಮಾನ ನಿಂತಾಗ ವಿದ್ಯುತ್ ಕೊಡುವ ಪುಟ್ಟ ಎಂಜಿನ್) ಕಿರುಚುತ್ತಿರುತ್ತದೆ. ಪಕ್ಕದ ಬೇಯಲ್ಲಿ (ವಿಮಾನ ನಿಲ್ಲುವ ಜಾಗದಲ್ಲಿ) ಇನ್ನೊಂದು ವಿಮಾನ ಎಂಜಿನ್ ಹಾಕಿಕೊಂಡು ಬರುತ್ತದೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಮುಂದೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತಾ ಹೋಗುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಸಾವಿರ ಡಾಲರ್‌ನ ಹೆಡ್‌ಸೆಟ್ ಸೀಟಿನ ಮೇಲಿಟ್ಟು ಬರಿಗಿವಿಯಲ್ಲಿ ರ‍್ಯಾಂಪ್‌ಗೆ ಇಳಿಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಫೋಮ್ ಇಯರ್‌ಪ್ಲಗ್ ಒಂದು ಡಬ್ಬಿ ತಂದು ಹೈ-ವಿಸ್ ಜಾಕೆಟ್‌ನ ಜೇಬಿನಲ್ಲೇ ಇಡಿ. ಜಾಕೆಟ್ ಹಾಕಿದಾಗ ಕೈಗೆ ಸಿಗುತ್ತದೆ.

ಪೈಲಟ್‌ಗಳ ಕ್ಲಾಸ್ 1 ಮೆಡಿಕಲ್‌ನಲ್ಲಿ ಮಾಡಿದ ಆಡಿಯೊಗ್ರಾಮ್‌ನ (ಕಿವಿ ಪರೀಕ್ಷೆಯ ಗ್ರಾಫ್‌ನ) ಒಂದು ಪ್ರತಿ ಇಟ್ಟುಕೊಳ್ಳಿ. ಐಕಾವೊ ಮಿತಿ ಹೀಗಿದೆ: ಯಾವುದೇ ಕಿವಿಯಲ್ಲಿ 500, 1000, 2000 ಹರ್ಟ್ಸ್‌ನಲ್ಲಿ 35 ಡೆಸಿಬೆಲ್‌ಗಿಂತ, 3000 ಹರ್ಟ್ಸ್‌ನಲ್ಲಿ 50 ಡೆಸಿಬೆಲ್‌ಗಿಂತ ಜಾಸ್ತಿ ನಷ್ಟ ಇರಬಾರದು. ಗದ್ದಲದಿಂದ ಆಗುವ ನಷ್ಟ ಮೊದಲು ಕಾಣುವುದು ಅದಕ್ಕೂ ಮೇಲೆ, 4000 ಹರ್ಟ್ಸ್ ಆಸುಪಾಸಿನಲ್ಲಿ. ಅಂದರೆ ಮೆಡಿಕಲ್‌ನಲ್ಲಿ ಫಿಟ್ ಅಂತ ಬಂದರೂ ಕಿವಿ ಸವೆಯುತ್ತಿರಬಹುದು. ಹಳೆಯ ಗ್ರಾಫ್ ಪಕ್ಕಕ್ಕೆ ಇಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ.

ಈಗ ಬ್ಯಾಗ್. ಚಕ್ರದ ಸೂಟ್‌ಕೇಸ್ ಯೋಚನೆಗೆ 1972ರಲ್ಲಿ ಪೇಟೆಂಟ್ ಪಡೆದವರು ಬರ್ನಾರ್ಡ್ ಸ್ಯಾಡೋ. ಆದರೆ ಅದು ಪಟ್ಟಿ ಹಿಡಿದು ಎಳೆಯುವಂಥದ್ದು, ತಿರುವಿನಲ್ಲಿ ಮಗುಚುತ್ತಿತ್ತು. ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ ಮತ್ತು ಉದ್ದ ಹಿಡಿ ಇಟ್ಟು ಈಗಿನ ರೂಪ ಕೊಟ್ಟವರು ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಪೈಲಟ್ ಬಾಬ್ ಪ್ಲಾತ್, 1987ರಲ್ಲಿ. ಮೊದಲು ಜತೆಯ ಸಿಬ್ಬಂದಿಗೆ ಮಾರಿದರು, ಅದನ್ನು ನೋಡಿ ಪ್ರಯಾಣಿಕರು ಕೇಳತೊಡಗಿದರು. ಟ್ರಾವೆಲ್‌ಪ್ರೊ ಕಂಪನಿ ಹುಟ್ಟಿದ್ದು ಹೀಗೆ. ಪೈಲಟ್ ತನ್ನ ಕೆಲಸಕ್ಕೆ ಅಂತ ಮಾಡಿಕೊಂಡ ಆ ಎರಡು ಚಕ್ರವೇ ಇವತ್ತಿಗೂ ಪೈಲಟ್‌ಗೆ ಸರಿ.

ನಾಲ್ಕು ಚಕ್ರದ ಬ್ಯಾಗ್ ಕೆಂಪೇಗೌಡ ಟರ್ಮಿನಲ್ 2ರ ನುಣುಪು ನೆಲದ ಮೇಲೆ ಚೆನ್ನಾಗಿ ಓಡುತ್ತದೆ. ಆದರೆ ನೀವು ಓಡಾಡುವುದು ಅಲ್ಲಿ ಮಾತ್ರ ಅಲ್ಲ. ರಿಮೋಟ್ ಬೇಯ ಕಾಂಕ್ರೀಟ್ ಸಂದುಗಳ ಮೇಲೆ, ಹೋಟೆಲಿನ ಅಂಗಳದ ಜಲ್ಲಿಯ ಮೇಲೆ ಎಳೆಯಬೇಕು. ಆ ಪುಟ್ಟ ಚಕ್ರಗಳು ಸಿಕ್ಕಿಕೊಂಡು ಮುರಿಯುತ್ತವೆ. ಕೋಚ್ (ಬಸ್) ತಿರುಗಿದಾಗ ಬ್ಯಾಗ್ ತಾನೇ ಉರುಳಿಕೊಂಡು ಹೋಗುತ್ತದೆ. ಎರಡು ಚಕ್ರದ್ದು ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಚಕ್ರ ದೊಡ್ಡದಿರಲಿ, ಸ್ಕ್ರೂ ಬಿಚ್ಚಿ ಬದಲಿಸುವಂತಿರಲಿ. ರಿವೆಟ್ ಹೊಡೆದ ಚಕ್ರ ಒಮ್ಮೆ ಹೋದರೆ ಬ್ಯಾಗೇ ಹೋದಂತೆ.

ಅಳತೆಗೆ 22 ಇಂಚು ಸಾಕು. ಎ320 ಥರದ ನ್ಯಾರೋಬಾಡಿ ವಿಮಾನದ ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಎಷ್ಟೋ ದಿನ ರಾತ್ರಿ ಮನೆಗೇ ಬರುತ್ತೀರಿ. ಹೊರಗೆ ಉಳಿದರೂ ಒಂದೆರಡು ರಾತ್ರಿ. ಏರೋಬ್ರಿಡ್ಜ್ ಇಲ್ಲದ ಕಡೆ ಏಣಿ ಮೆಟ್ಟಿಲ ಮೇಲೆ ನೀವೇ ಹೊತ್ತು ಹತ್ತಬೇಕು, ಮಳೆಯಲ್ಲೂ. ಆಗ ಖಾಲಿ ಬ್ಯಾಗಿನ ತೂಕ ಲೆಕ್ಕಕ್ಕೆ ಬರುತ್ತದೆ. ಲೋಹದ ಚೌಕಟ್ಟಿನ ಲಗೇಜ್ ವರ್ಕ್ಸ್ ಥರದ ಕ್ರೂ ಬ್ಯಾಗ್‌ಗಳು ತುಂಬಾ ಬಾಳಿಕೆಯವು, ಆದರೆ ಭಾರ. ನಿಮ್ಮ ಎತ್ತರಕ್ಕೆ, ಭುಜಕ್ಕೆ ಅದು ಬೇಕಾ ಅಂತ ಯೋಚಿಸಿ. ಗಟ್ಟಿ ಚಿಪ್ಪಿನ ಬ್ಯಾಗ್‌ಗಿಂತ ಬ್ಯಾಲಿಸ್ಟಿಕ್ ನೈಲಾನ್‌ನ ಮೆತ್ತನೆ ಬ್ಯಾಗ್ ನನಗೆ ಇಷ್ಟ. ಹೊರ ಜೇಬುಗಳಿರುತ್ತವೆ, ಚಿಕ್ಕ ರೂಮಿನಲ್ಲಿ ಎರಡೂ ಕಡೆ ಹರಡಿ ತೆಗೆಯಬೇಕಾಗಿಲ್ಲ. ಮೊದಲ ವರ್ಷಕ್ಕೆ ಇಲ್ಲೇ ಸಿಗುವ ಸಫಾರಿ, ವಿಐಪಿ, ಅಮೆರಿಕನ್ ಟೂರಿಸ್ಟರ್‌ನ ಕಪ್ಪು ಬ್ಯಾಗ್ ಸಾಕು. ವಿದೇಶಿ ಕ್ರೂ ಬ್ಯಾಗ್ ಸಾಲ ಇಳಿದ ಮೇಲೆ ಬರಲಿ. ಮುಂಭಾಗದಲ್ಲಿ ಕೊಕ್ಕೆ ಪಟ್ಟಿ ಇರುವುದನ್ನು ನೋಡಿ, ಅದಕ್ಕೆ ಫ್ಲೈಟ್ ಬ್ಯಾಗ್ (ಕಾಕ್‌ಪಿಟ್‌ನಲ್ಲಿ ಪಕ್ಕಕ್ಕೆ ಇಟ್ಟುಕೊಳ್ಳುವ ಬ್ಯಾಗ್) ತೂಗುಹಾಕಬಹುದು. ಎಲ್ಲರ ಬ್ಯಾಗೂ ಕಪ್ಪು, ಗುರುತಿಗೆ ಏನಾದರೂ ಕಟ್ಟಿ.

ಫ್ಲೈಟ್ ಬ್ಯಾಗ್ ಚಿಕ್ಕದಿರಲಿ. ಚಾರ್ಟ್ ಪುಸ್ತಕಗಳ ಕಾಲದ ಆ ದಪ್ಪ ಪೆಟ್ಟಿಗೆ ಈಗ ಬೇಕಿಲ್ಲ, ಎಲ್ಲ ಐಪ್ಯಾಡ್‌ನಲ್ಲಿದೆ. ಎ320ರಲ್ಲಿ ಅದು ಕೂರುವುದು ನಿಮ್ಮ ಸೀಟು ಮತ್ತು ಕಿಟಕಿ ಬದಿಯ ಗೋಡೆಯ ನಡುವೆ. ತಳ ಚಪ್ಪಟೆ ಇರಬೇಕು, ತಾನೇ ನಿಲ್ಲಬೇಕು, ಮೇಲಿಂದ ತೆರೆಯಬೇಕು. ಯೂನಿಫಾರ್ಮ್‌ನಲ್ಲಿ ಬೆನ್ನಿಗೆ ಬ್ಯಾಗ್ ಹಾಕಲು ಕೆಲವು ಕಂಪನಿಗಳು ಬಿಡುವುದಿಲ್ಲ, ಕೇಳಿ. ನೀರಿನ ಬಾಟಲಿಗೆ ತಿರುಪು ಮುಚ್ಚಳ ಬೇಕೇ ಬೇಕು. 2019ರ ಕೊನೆಗೆ ಮತ್ತು 2020ರ ಶುರುವಿಗೆ ಎರಡು ಎ350 ವಿಮಾನಗಳಲ್ಲಿ ಇಬ್ಬರು ಪೈಲಟ್‌ಗಳ ನಡುವಿನ ಪೆಡೆಸ್ಟಲ್ (ಎಂಜಿನ್ ನಿಯಂತ್ರಣಗಳಿರುವ ಫಲಕ) ಮೇಲೆ ಪಾನೀಯ ಚೆಲ್ಲಿ, ಹಾರಾಟದಲ್ಲೇ ಒಂದೊಂದು ಎಂಜಿನ್ ನಿಂತಿತ್ತು. ಫೋನ್ ತೊಡೆಯ ಮೇಲೆ ಇಡಬೇಡಿ. ಸೀಟಿನ ಸಂದಿಗೆ ಬಿದ್ದು, ಸೀಟು ಸರಿಸಿದಾಗ ಜಜ್ಜಿದರೆ ಬ್ಯಾಟರಿ ಹೊತ್ತಿಕೊಳ್ಳಬಹುದು.

ಪವರ್ ಬ್ಯಾಂಕ್ ಯಾವಾಗಲೂ ಫ್ಲೈಟ್ ಬ್ಯಾಗಿನಲ್ಲಿ. ಜಾಗವಿಲ್ಲದೆ ದೊಡ್ಡ ಬ್ಯಾಗ್ ಕಾರ್ಗೋಗೆ ಹೋಗುವ ದಿನ ಅದರೊಳಗೆ ಲಿಥಿಯಂ ಬ್ಯಾಟರಿ ಇರಬಾರದು. ಮಿತಿ 100 ವಾಟ್-ಅವರ್. ಸಾಮಾನ್ಯ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ಆಗುತ್ತದೆ. ಸ್ನಾನದ ಕಿಟ್‌ನಲ್ಲಿ ಆಲ್ಕೋಹಾಲ್ ಇರುವ ಮೌತ್‌ವಾಶ್ ಇಡಲೇಬೇಡಿ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಲ್ಲೇ ಅದಕ್ಕೆ ನಿಷೇಧ ಇದೆ, ಡ್ಯೂಟಿಗೆ ಮೊದಲು ಬ್ರೆತ್ ಅನಲೈಸರ್ ಊದಬೇಕು. ಮೆಡಿಕಲ್‌ನಲ್ಲಿ ಕನ್ನಡಕ ಕಡ್ಡಾಯ ಅಂತ ಬರೆದಿದ್ದರೆ ಎರಡನೇ ಜೊತೆ ಹಾರುವಾಗ ಕೈಗೆಟುಕುವಲ್ಲಿ ಇರಬೇಕು. ಅದನ್ನು ದೊಡ್ಡ ಬ್ಯಾಗಿಗೆ ಹಾಕಿ ಮರೆಯಬೇಡಿ.

ಉಳಿದದ್ದು ಆ ಹಳೆಯ ಎ20. ಬೋಸ್ 2010ರಲ್ಲಿ ತಂದ ಮಾಡೆಲ್ ಅದು, 2023ರಲ್ಲಿ ಎ30 ಬಂದು ಅದರ ಜಾಗ ಹಿಡಿಯಿತು. ಎ30 ಬಂದಾಗ ಅದಕ್ಕೆ ಅಮೆರಿಕದಲ್ಲೇ ಸುಮಾರು 1,300 ಡಾಲರ್ ಇತ್ತು, ಇಲ್ಲಿಗೆ ಬರುವಾಗ ಸುಂಕ ಬೇರೆ. ಹಾಗಾಗಿ ಒಳ್ಳೆಯ ಸ್ಥಿತಿಯ ಎ20 ಕೆಟ್ಟ ವ್ಯಾಪಾರವಲ್ಲ. ಎ320ಗೆ ನನ್ನ ಮೊದಲ ಆಯ್ಕೆ ಮಾತ್ರ ಅದಲ್ಲ. ಕನ್ನಡಕ ಇರುವ ನಿಮಗಂತೂ ಹಗುರದ್ದೇ ವಾಸಿ. ಆದರೂ ಆ ಕ್ಯಾಪ್ಟನ್ ಎ320 ಹಾರಿಸುವವರೇ ಆಗಿದ್ದು, ಪ್ಲಗ್ ಎಕ್ಸ್‌ಎಲ್‌ಆರ್ ಆಗಿದ್ದರೆ ಒಂದು ವಾರಕ್ಕೆ ಕೊಡಿ ಅಂತ ಕೇಳಿ. ಹೊಸ ಇಯರ್ ಕುಶನ್, ಹೊಸ ಮೈಕ್ ಮಫ್ ಹಾಕಿಕೊಳ್ಳಿ. ಕೇಬಲ್ ಕಪ್‌ಗೆ ಸೇರುವ ಜಾಗವನ್ನು ಬಗ್ಗಿಸಿ ನೋಡಿ, ಅಲ್ಲಿ ಕರಕರ ಸದ್ದು ಬಂದರೆ ಬೇಡ ಅನ್ನಿ. ನಾಲ್ಕು ಸೆಕ್ಟರ್‌ನ ದಿನ ಮುಗಿದ ಮೇಲೂ ಕಿವಿಯ ಹಿಂದೆ, ಕನ್ನಡಕದ ಕಡ್ಡಿಯ ಜಾಗದಲ್ಲಿ ನೋವಿಲ್ಲ ಅಂದರೆ ತಗೊಳ್ಳಿ. ನೋವಿದ್ದರೆ ವಾಪಸ್ ಕೊಟ್ಟು, ಪ್ರೊಫ್ಲೈಟ್‌ಗೋ ಡಿಸಿ ಪ್ರೊ-ಎಕ್ಸ್‌ಗೋ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಡಿ. ಅಲ್ಲಿಯ ತನಕ ಕಂಪನಿಯದ್ದು ಇದ್ದೇ ಇದೆ.